ಎಂಟು ಪ್ರಸೃತಿ ನೀರು

ಪಾಠಶಾಲೆಯ ಮೊದಲ ವರ್ಷದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆಲ್ಲ ನೀರಿನ ಪರ್ಯಾಯಪದಗಳು ನಾಲಗೆಯ ತುದಿಯಲ್ಲಿಯೇ ಇರುತ್ತವೆ. ಅಮರಸಿಂಹನು ವಾರಿವರ್ಗದಲ್ಲಿ ನೀರನ್ನು ಅಮೃತವೆಂದೂ ಜೀವನವೆಂದೂ ಕರೆದಿದ್ದಾನೆ. ಅದೇ ಕೋಶಕಾರನು ಮುಂದೆ ನಾನಾರ್ಥವರ್ಗಕ್ಕೆ ಬಂದಾಗ ‘ವಿಷ’ ಎಂಬ ಶಬ್ದಕ್ಕೆ ನೀರೆಂಬ ಅರ್ಥವೂ ಉಂಟೆಂದು ಹೇಳಿ ಮುಂದೆ ಸಾಗುತ್ತಾನೆ. ಒಂದೇ ವಸ್ತು ಅಮೃತವೂ ವಿಷವೂ ಆಗುವುದು ಹೇಗೆಂದು ಬಾಲ್ಯದಲ್ಲಿ ನನ್ನ ಗುರುಗಳನ್ನು ಕೇಳಿದ್ದೆ. ಅವರು ಧಾತ್ವರ್ಥವನ್ನು ಹಿಡಿದು, ವ್ಯಾಪಿಸುವುದೆಲ್ಲವೂ ವಿಷವೇ, ನೀರೂ ವ್ಯಾಪಿಸುತ್ತದೆ, ಆದ್ದರಿಂದ ಹೆಸರು ಸಾರ್ಥಕ ಎಂದು ಸಮಾಧಾನ ಹೇಳಿದರು. ಮೇಘವನ್ನು ಸರ್ಪವಾಗಿಸಿ, ಅದು ಸುರಿಸುವ ನೀರನ್ನೇ ವಿರಹಿಣಿಯರ ಪಾಲಿನ ವಿಷವೆಂದು ಶ್ಲೇಷಿಸುವ ಉದಾಹರಣೆಯನ್ನು ಅಲಂಕಾರಶಾಸ್ತ್ರದಲ್ಲಿ ಓದಿದಾಗ ನನಗೆ ಇನ್ನಷ್ಟು ತೃಪ್ತಿಯಾಯಿತು. ಆ ತೃಪ್ತಿಯಲ್ಲಿಯೇ ಮೂವತ್ತು ವರ್ಷ ಪಾಠ ಹೇಳಿದೆ.

ನೀರು ಕೋಶದಲ್ಲಿ ಮಾತ್ರವಲ್ಲ, ಮನುಷ್ಯನ ದೇಹದಲ್ಲಿಯೂ ವಿಷವಾಗಬಲ್ಲುದೆಂಬುದು ನನಗೆ ತಿಳಿದದ್ದು ನಾಲ್ಕು ವರ್ಷಗಳ ಹಿಂದಿನ ಒಂದು ಬೇಸಿಗೆಯಲ್ಲಿ, ನನ್ನ ಅಕ್ಕನವರ ನಿಮಿತ್ತದಿಂದ. ಅದರಲ್ಲಿ ನನ್ನ ತಪ್ಪೂ ಸೇರಿದೆ. ಈ ಸಂಚಿಕೆಗೆ ಶಬ್ದಾರ್ಥವಿಚಾರದ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಿತ್ರರು ಅಪೇಕ್ಷಿಸಿದಾಗ ನನಗೆ ನೆನಪಾದದ್ದು ಇದೇ. ಒಂದು ಶಬ್ದದ ಅಳತೆ ತಪ್ಪಿದುದರಿಂದ ಒಂದು ಜೀವ ಹೋಗುವುದರಲ್ಲಿತ್ತು.

ಹದಿನಾರನೆಯ ಶತಮಾನದ ಭಾವಮಿಶ್ರನ ‘ಭಾವಪ್ರಕಾಶ’ದಲ್ಲಿ ಉಷಃಪಾನದ ವಿಧಿಯಿದೆ. ಸೂರ್ಯೋದಯದ ಹೊತ್ತಿಗೆ ಎಂಟು ಪ್ರಸೃತಿ ನೀರನ್ನು ಕುಡಿಯುವವನು ರೋಗವನ್ನೂ ಮುಪ್ಪನ್ನೂ ದೂರವಿಡುತ್ತಾನೆಂಬುದು ಅದರ ತಾತ್ಪರ್ಯ. ನಮ್ಮ ಶಾಲೆಯ ಬೆಳಗಿನ ಪ್ರಾರ್ಥನಾಸಭೆಯಲ್ಲಿ ಆರೋಗ್ಯದ ಬಗೆಗೆ ನಾಲ್ಕು ಮಾತು ಹೇಳಬೇಕಾಗಿ ಬಂದ ದಿನ ನಾನು ಆ ಶ್ಲೋಕವನ್ನು ಹೇಳಿ, “ಅಂದರೆ ದಿನವೂ ಎಂಟು ಲೋಟ ನೀರು” ಎಂದು ಅರ್ಥ ಬಿಡಿಸಿದೆ. ಕೋಶವನ್ನು ತೆರೆದು ನೋಡಲಿಲ್ಲ. ಎಂಟು ಲೋಟವೆಂಬ ಮಾತು ಪತ್ರಿಕೆಗಳಲ್ಲಿಯೂ ಕೈಯೊಳಗಿನ ಫೋನುಗಳಲ್ಲಿಯೂ ಎಲ್ಲರ ಕಿವಿಗೂ ಬಿದ್ದಿತ್ತು. ಶಾಸ್ತ್ರವೂ ಲೋಕವೂ ಒಂದೇ ಸಂಖ್ಯೆಯನ್ನು ಹೇಳುತ್ತಿರುವುದನ್ನು ಕಂಡು ನನಗೆ ಹಿಗ್ಗಾಯಿತು. ಪ್ರಸಾದನಿಲಯದ ಊಟದ ಮನೆಯ ಗೋಡೆಯ ಮೇಲೆ ಆ ವಾಕ್ಯವನ್ನು ದಪ್ಪಕ್ಷರಗಳಲ್ಲಿ ಬರೆಯಿಸಿದವನೂ ನಾನೇ. ಹಬ್ಬಕ್ಕೆ ತುರುವೇಕೆರೆಯ ಕಡೆಯ ಅಕ್ಕನ ಮನೆಗೆ ಹೋದಾಗ ಅಲ್ಲಿಯೂ ಅದನ್ನೇ ವಿಸ್ತರಿಸಿದೆ.

ಅಕ್ಕನಿಗೆ ಆಗ ಅರವತ್ತೆಂಟು. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನು ನುಂಗುತ್ತಿದ್ದರು, ಉಪ್ಪನ್ನು ಬಹುಮಟ್ಟಿಗೆ ಬಿಟ್ಟಿದ್ದರು, ಉಣ್ಣುತ್ತಿದ್ದುದೂ ಸ್ವಲ್ಪ. ತಮ್ಮ ಪಂಡಿತ, ಅವನು ಶ್ಲೋಕ ಹೇಳಿದ ಮೇಲೆ ಮುಗಿಯಿತು! ಅವರ ಮನೆಯಲ್ಲಿ ನೀರು ಕುಡಿಯುವುದು ಹಿತ್ತಾಳೆಯ ಸಣ್ಣ ಚೊಂಬಿನಲ್ಲಿ, ಮುಕ್ಕಾಲು ಲೀಟರು ಹಿಡಿಯುವಂಥದು. ಪ್ರಸೃತಿಯು ನನ್ನ ಬಾಯಲ್ಲಿ ಲೋಟವಾಯಿತು. ಲೋಟವು ಅಕ್ಕನ ಅಡುಗೆಮನೆಯಲ್ಲಿ ಚೊಂಬಾಯಿತು. ಬೆಳಗಿನ ಜಾವ ನಾಲ್ಕು, ಮಧ್ಯಾಹ್ನದೊಳಗೆ ಇನ್ನು ನಾಲ್ಕು. “ಕಷ್ಟ ಆಗುತ್ತಪ್ಪ, ಆದರೂ ನೀನು ಹೇಳಿದ ಹಾಗೇ ಕುಡೀತಾ ಇದೀನಿ” ಎಂದು ಒಮ್ಮೆ ದೂರವಾಣಿಯಲ್ಲಿ ಹೇಳಿದ್ದರು. ಒಳ್ಳೆಯದಾಯಿತಕ್ಕ ಎಂದೆ.

ಹತ್ತು ಹನ್ನೆರಡು ದಿನಗಳಲ್ಲಿ ತಲೆನೋವು ಬಂತು, ಹೊಟ್ಟೆ ತೊಳಸಿತು. ಪಿತ್ತವೆಂದು ಭಾವಿಸಿ ಮನೆಯವರು ಇನ್ನಷ್ಟು ನೀರು ಕುಡಿಸಿದರು. ವಾಂತಿಯಾಯಿತು. ಮರುದಿನ ಬೆಳಗ್ಗೆ ಭಾವನವರನ್ನು ಗುರುತಿಸದೆ, ತೀರಿಹೋಗಿ ಎಷ್ಟೋ ವರ್ಷಗಳಾದ ನಮ್ಮ ತಂದೆಯವರ ಹೆಸರು ಹಿಡಿದು ಮಾತನಾಡತೊಡಗಿದರು. ಗಾಳಿ ಸೋಕಿದೆಯೆಂದರು ಕೆಲವರು, ಪಾರ್ಶ್ವವಾಯುವೆಂದರು ಕೆಲವರು. ತಿಪಟೂರಿಗೆ ತರುವಷ್ಟರಲ್ಲಿ ಅಪಸ್ಮಾರದಂತೆ ಕೈಕಾಲು ಸೆಳೆದುಕೊಂಡವು. ಅಲ್ಲಿಂದ ತುಮಕೂರಿಗೆ ಒಯ್ದೆವು. ಆಸ್ಪತ್ರೆಯ ತರುಣ ವೈದ್ಯರು ರಕ್ತಪರೀಕ್ಷೆಯ ಚೀಟಿಯನ್ನು ನೋಡಿ, ಇವರು ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆಂದು ಕೇಳಿದರು. ಭಾವನವರು ಸ್ವಲ್ಪ ಹೆಮ್ಮೆಯಿಂದಲೇ ಲೆಕ್ಕ ಒಪ್ಪಿಸಿದರು. “ಇಷ್ಟು ಕುಡಿಯೋಕೆ ಯಾರು ಹೇಳಿದ್ದು ಇವರಿಗೆ?” ಎಂಬ ಪ್ರಶ್ನೆಗೆ ಎಲ್ಲರೂ ನನ್ನ ಮುಖ ನೋಡಿದರು.

ನಮ್ಮ ರಕ್ತದಲ್ಲಿ ಸೋಡಿಯಂ ಎಂಬ ಲವಣಾಂಶವು ಲೀಟರಿಗೆ 135ರಿಂದ 145 ಮಿಲಿಮೋಲ್‌ವರೆಗೆ ಇರಬೇಕು. ಅಕ್ಕನವರಲ್ಲಿ ಅದು 113ಕ್ಕೆ ಇಳಿದಿತ್ತು. ವೈದ್ಯರು ಬಿಡುವು ಮಾಡಿಕೊಂಡು ನನಗೆ ತಿಳಿಸಿದುದನ್ನೂ, ಆಮೇಲೆ ನಾನು ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ. ನಾನು ವೈದ್ಯನಲ್ಲವೆಂಬುದನ್ನು ವಾಚಕರು ಮರೆಯಬಾರದು.

ಒಣದ್ರಾಕ್ಷಿಯನ್ನು ತಿಳಿನೀರಿನಲ್ಲಿ ಹಾಕಿದರೆ ಉಬ್ಬುತ್ತದೆ. ಉಪ್ಪಿನಲ್ಲಿ ಹಾಕಿದ ಮಾವಿನ ಮಿಡಿ ನೀರು ಬಿಟ್ಟು ಸುರುಟುತ್ತದೆ. ಗಾಢದ್ರವ ಯಾವ ಕಡೆಗಿದೆಯೋ ಆ ಕಡೆಗೆ ನೀರು ಹರಿಯುವುದು ಪ್ರಕೃತಿನಿಯಮ. ಶರೀರದ ಜೀವಕೋಶಗಳು ರಕ್ತದಿಂದ ಬರುವ ರಸದಲ್ಲಿ ಸದಾ ಮುಳುಗಿರುತ್ತವೆ. ಆ ರಸದ ಲವಣವು ತೆಳುವಾದರೆ ನೀರು ಕೋಶಗಳೊಳಕ್ಕೆ ನುಗ್ಗಿ ಅವು ಊದಿಕೊಳ್ಳುತ್ತವೆ. ಕೈಕಾಲಿನ ಮಾಂಸಖಂಡಕ್ಕೆ ಊದಿಕೊಳ್ಳಲು ಸ್ಥಳವುಂಟು. ಮೆದುಳಿಗೆ ಎಲ್ಲಿದೆ? ಅದು ತಲೆಬುರುಡೆಯೆಂಬ ಗಟ್ಟಿ ಕರಟದೊಳಗಿನ ವಸ್ತು. ತಲೆನೋವು, ವಾಕರಿಕೆ, ಮಾತಿನ ತಡವರಿಕೆ, ಭ್ರಾಂತಿ, ಸೆಳೆತ, ಮೂರ್ಛೆ, ಕಡೆಗೆ ಉಸಿರು ನಿಲ್ಲುವುದು, ಇವೆಲ್ಲ ಆ ಒತ್ತಡದ ಪರಿಣಾಮಗಳು. ಮೊದಲಿನ ಎರಡು ಮೂರು ಲಕ್ಷಣಗಳು ನೀರು ಸಾಲದೆ ಬಂದ ಲಕ್ಷಣಗಳಂತೆಯೇ ತೋರುವುದರಿಂದ ಸುತ್ತಲಿನವರು ಮತ್ತೂ ನೀರು ಕುಡಿಸುತ್ತಾರೆ. ನಮ್ಮ ಮನೆಯಲ್ಲಿ ಆದದ್ದೂ ಅದೇ.

ಹಾಗಾದರೆ ಮಿಕ್ಕ ನೀರನ್ನು ಮೂತ್ರಪಿಂಡಗಳು ಹೊರಹಾಕುವುದಿಲ್ಲವೆ? ಹಾಕುತ್ತವೆ, ಆದರೆ ಅವುಗಳಿಗೂ ಮಿತಿಯುಂಟು. ಆರೋಗ್ಯವಂತನ ಮೂತ್ರಪಿಂಡಗಳು ಗಂಟೆಗೆ ಸುಮಾರು ಮುಕ್ಕಾಲರಿಂದ ಒಂದು ಲೀಟರಿನಷ್ಟನ್ನು ಮಾತ್ರ ಕಳುಹಿಸಬಲ್ಲವು. ಅಕ್ಕ ಬೆಳಗಿನ ಜಾವದಲ್ಲಿ ಕುಡಿಯುತ್ತಿದ್ದುದೇ ಮೂರು ಲೀಟರು. ವಯಸ್ಸಾದಂತೆ ಆ ಶಕ್ತಿ ಕುಂದುತ್ತದೆ. ಊಟ ಕಡಿಮೆಯಾದರೆ ಮತ್ತಷ್ಟು ಕುಂದುತ್ತದೆ, ಏಕೆಂದರೆ ನೀರನ್ನು ಹೊರಗೆ ಸಾಗಿಸಲು ಆಹಾರದಿಂದ ಬರುವ ಲವಣಾದಿಗಳು ಬೇಕು. ಅದರ ಮೇಲೆ ಥಯಾಜೈಡ್ ವರ್ಗದ ಮಾತ್ರೆಗಳು ಸೋಡಿಯಂ ಅಂಶವನ್ನು ಮೂತ್ರದಲ್ಲಿ ಕಳೆಯುತ್ತವೆ. ಇವಲ್ಲದೆ, ನೀರನ್ನು ಹಿಡಿದಿಟ್ಟುಕೋ ಎಂದು ಮೂತ್ರಪಿಂಡಗಳಿಗೆ ಆಜ್ಞೆಮಾಡುವ ವ್ಯಾಸೊಪ್ರೆಸಿನ್ ಎಂಬ ರಸವು ಮೆದುಳಿನ ತಳದಿಂದ ಸ್ರವಿಸುತ್ತದೆ. ನೋವು, ವಾಕರಿಕೆ, ದೀರ್ಘ ಶ್ರಮ, ಕೆಲವು ಔಷಧಗಳು ಅದನ್ನು ಹೆಚ್ಚಿಸುತ್ತವೆ. ಆಗ ಕುಡಿದ ನೀರಿಗೆ ಹೊರದಾರಿಯೇ ಮುಚ್ಚಿದಂತಾಗುತ್ತದೆ. ಮಾತ್ರೆ, ಉಪ್ಪಿಲ್ಲದ ಅಡುಗೆ, ಅಲ್ಪಾಹಾರ, ವಯಸ್ಸು, ಇವು ನಾಲ್ಕೂ ಮೊದಲೇ ಇದ್ದ ಮನೆಗೆ ನಾನು ಐದನೆಯದನ್ನು ಕೊಂಡೊಯ್ದಿದ್ದೆ.

ಊರಿನವರೊಬ್ಬರು ಇದನ್ನು ಜಲೋದರವೆಂದರು. ಹಾಗಲ್ಲ. ಜಲೋದರವು ಬಹುಮಟ್ಟಿಗೆ ಯಕೃತ್ತೇ ಮೊದಲಾದ ಅಂಗಗಳು ಕೆಟ್ಟಾಗ ಹೊಟ್ಟೆಯಲ್ಲಿ ನೀರು ತುಂಬುವ ಬೇರೆಯೇ ರೋಗ. ನಮ್ಮ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯದಲ್ಲಿ, ನರ್ತಿಸುವ ಶಿವನ ಸುತ್ತ ಅಷ್ಟದಿಕ್ಪಾಲಕರಿರುವ ಒಂಬತ್ತನೆಯ ಶತಮಾನದ ಆ ಛತ್ತನ್ನು ಮಕ್ಕಳಿಗೆ ತೋರಿಸುವಾಗಲೆಲ್ಲ ನಾನು ವರುಣನ ಕಥೆ ಹೇಳುವುದುಂಟು. ಕೊಟ್ಟ ಮಾತಿಗೆ ತಪ್ಪಿದ ಹರಿಶ್ಚಂದ್ರನ ಹೊಟ್ಟೆಯನ್ನು ವರುಣನು ಊದಿಸಿದನೆಂದು ಐತರೇಯ ಬ್ರಾಹ್ಮಣದಲ್ಲಿದೆ. ರಾಘವಾಂಕನ ಹರಿಶ್ಚಂದ್ರನನ್ನಷ್ಟೇ ಬಲ್ಲ ನಮ್ಮ ಹುಡುಗರಿಗೆ, ಮಾತಿಗೆ ತಪ್ಪುವ ಹರಿಶ್ಚಂದ್ರನೂ ಒಬ್ಬನಿದ್ದನೆಂಬುದು ಆಶ್ಚರ್ಯ! ಅದಿರಲಿ, ಆ ಕಥೆಯ ರೋಗಕ್ಕೂ ಅಕ್ಕನ ರೋಗಕ್ಕೂ ಸಂಬಂಧವಿಲ್ಲ.

ಚಿಕಿತ್ಸೆಯಲ್ಲಿಯೂ ನನಗೊಂದು ಪಾಠವಾಯಿತು. ನೆಂಟರೊಬ್ಬರು ತಮ್ಮ ತೋಟದ ಎಳನೀರನ್ನು ಗೊನೆಗಟ್ಟಲೆ ತಂದಿದ್ದರು. ತೆಂಗಿನ ಸೀಮೆಯವರಾದ ನಮಗೆ ಎಳನೀರಿಗಿಂತ ಮಿಗಿಲಾದ ಔಷಧವುಂಟೆ? ವೈದ್ಯರು ಬೇಡವೆಂದರು. ಎಳನೀರಿನಲ್ಲಿ ಪೊಟಾಸಿಯಂ ಬಹಳ, ಸೋಡಿಯಂ ಸ್ವಲ್ಪ. ಅಕ್ಕನಿಗೆ ಬೇಕಾದುದು ಅದರಲ್ಲಿಲ್ಲ, ಬೇಡವಾದ ನೀರು ಮಾತ್ರ ತುಂಬಿದೆ. ಮೂತ್ರಪಿಂಡ ಕೆಟ್ಟವರಿಗಂತೂ ಆ ಪೊಟಾಸಿಯಂ ಹೃದಯದ ಬಡಿತವನ್ನೇ ಕೆಡಿಸಬಹುದು. ಹಾಗಾದರೆ ಬೇಗ ಉಪ್ಪು ಏರಿಸಿಬಿಡಿ ಎಂದೆ. ಅದೂ ಕೂಡದಂತೆ. ತಗ್ಗಿದ ಲವಣವನ್ನು ಒಮ್ಮೆಗೇ ಏರಿಸಿದರೆ ಮೆದುಳಿನ ನರತಂತುಗಳ ಹೊದಿಕೆಯೇ ನಾಶವಾಗುವ ಅಪಾಯವಿದೆ. ಒಂದು ದಿನದಲ್ಲಿ ಎಂಟರಿಂದ ಹತ್ತು ಮಿಲಿಮೋಲ್‌ಗಿಂತ ಹೆಚ್ಚು ಏರಿಸಬಾರದು. ಸೆಳೆತ ನಿಲ್ಲುವಷ್ಟು ಗಾಢವಾದ ಲವಣದ್ರವವನ್ನು ಅಳೆದು ಕೊಟ್ಟು, ಮಾತ್ರೆಯನ್ನು ಬದಲಾಯಿಸಿ, ಕುಡಿಯುವ ನೀರಿಗೆ ಕಟ್ಟುಹಾಕಿ, ಗಂಟೆಗಂಟೆಗೂ ರಕ್ತ ನೋಡುತ್ತ ನಾಲ್ಕು ದಿನ ಕಾದರು. ಐದನೆಯ ದಿನ ಅಕ್ಕ ನನ್ನನ್ನು ಹೆಸರು ಹಿಡಿದು ಕರೆದರು.

ಇದು ಹಳ್ಳಿಯ ಒಂದು ಮನೆಯ ಅಪರೂಪದ ಪ್ರಸಂಗವಲ್ಲ. ಅಮೆರಿಕದ ಲಿಯೊನಾರ್ಡ್ ರೌನ್ಟ್ರೀ ಎಂಬ ವೈದ್ಯರು 1923ರಷ್ಟು ಹಿಂದೆಯೇ ಜಲವಿಷತೆಯೆಂಬ ಹೆಸರಿನಿಂದ ಇದನ್ನು ವಿವರಿಸಿದ್ದಾರೆ. ಬಿಸಿಯಾದ ಗಣಿಗಳಲ್ಲಿ ಬೆವರು ಸುರಿಸಿ ಬರಿಯ ನೀರನ್ನೇ ಕುಡಿಯುತ್ತಿದ್ದ ಇಂಗ್ಲೆಂಡಿನ ಕಲ್ಲಿದ್ದಲು ಕಾರ್ಮಿಕರಿಗೆ ಸ್ನಾಯುಸೆಳೆತ ಬರುತ್ತಿದ್ದುದೂ, ನೀರಿಗೆ ಉಪ್ಪು ಬೆರೆಸಿದಾಗ ಅದು ಶಮನವಾದುದೂ ಅದೇ ವರ್ಷ ವರದಿಯಾಯಿತು. 2002ರ ಬಾಸ್ಟನ್ ಮ್ಯಾರಥಾನ್ ಓಟದ ಕೊನೆಯಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡ 13 ಮಂದಿಯಲ್ಲಿ ಸೋಡಿಯಂ ತಗ್ಗಿತ್ತು. ಮೂವರಲ್ಲಿ ಪ್ರಾಣಾಪಾಯದ ಮಟ್ಟಕ್ಕೆ ಇಳಿದಿತ್ತು. ಓಡಿ ದಣಿದವರ ತೂಕ ಇಳಿಯಬೇಕಷ್ಟೆ? ಇವರಲ್ಲಿ ಬಹುಮಂದಿಯ ತೂಕ ಏರಿತ್ತು, ದಾರಿಯುದ್ದಕ್ಕೂ ಅಷ್ಟು ಕುಡಿದಿದ್ದರು. ಅದೇ ಓಟದಲ್ಲಿ ಓಟಗಾರ್ತಿಯೊಬ್ಬರು ಇದೇ ಕಾರಣದಿಂದ ತೀರಿಕೊಂಡರು. 2007ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಬಾನುಲಿ ಕೇಂದ್ರವು ನಡೆಸಿದ ನೀರು ಕುಡಿಯುವ ಪಂದ್ಯದಲ್ಲಿ ಭಾಗವಹಿಸಿದ ತರುಣ ತಾಯಿಯೊಬ್ಬರು ಅಂದೇ ಮೃತರಾದರು. ಬಿಸಿಲಿನಲ್ಲಿ ಕವಾಯತು ಮಾಡುವ ತನ್ನ ಸೈನಿಕರೂ ಗಂಟೆಗೆ ಸುಮಾರು 1.4 ಲೀಟರಿಗಿಂತ ಹೆಚ್ಚು ಕುಡಿಯಬಾರದೆಂದು ಅಮೆರಿಕದ ಸೇನೆ 1998ರಲ್ಲಿ ನಿಯಮವನ್ನು ತಿದ್ದಿಕೊಂಡಿತು.

ಎಂಟು ಲೋಟವೆಂಬ ಮಾತಿಗೆ ಆಧಾರವೇನೆಂದು ಹೈಂಜ್ ವಾಲ್ಟಿನ್ ಎಂಬ ಶರೀರವಿಜ್ಞಾನಿ 2002ರಲ್ಲಿ ಹುಡುಕಹೊರಟರು. ವೈಜ್ಞಾನಿಕ ಆಧಾರವೊಂದೂ ಅವರಿಗೆ ಸಿಕ್ಕಲಿಲ್ಲ. ಅಮೆರಿಕದ ಆಹಾರಮಂಡಳಿಯೊಂದು 1945ರಲ್ಲಿ ದಿನಕ್ಕೆ ಎರಡೂವರೆ ಲೀಟರು ನೀರೆಂದು ಹೇಳಿ, ಅದರ ಬಹುಭಾಗ ಆಹಾರದಲ್ಲಿಯೇ ಇದೆಯೆಂದು ಮುಂದಿನ ವಾಕ್ಯದಲ್ಲಿ ಸೇರಿಸಿತ್ತು. ಲೋಕವು ಮೊದಲ ವಾಕ್ಯವನ್ನು ಉಳಿಸಿಕೊಂಡು ಎರಡನೆಯದನ್ನು ಬಿಟ್ಟಿತೆಂದು ಊಹಿಸುವವರಿದ್ದಾರೆ. ಅನ್ನ, ಸಾರು, ಮಜ್ಜಿಗೆ, ಹಣ್ಣು, ಕಾಯಿಪಲ್ಯ ಎಲ್ಲವೂ ನೀರೇ.

ಇನ್ನು ನನ್ನ ಶಾಸ್ತ್ರಕ್ಕೆ ಬರುತ್ತೇನೆ. ಅಕ್ಕ ಮನೆಗೆ ಮರಳಿದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಅಮರಕೋಶವನ್ನು ತೆರೆದದ್ದು. ಗುಳಿಯಾಗುವಂತೆ ಬಗ್ಗಿಸಿದ ಒಂದು ಅಂಗೈ ಪ್ರಸೃತಿ. ಅಂಥ ಎರಡು ಕೂಡಿದರೆ ಅಂಜಲಿ, ಅಂದರೆ ನಮ್ಮ ಬೊಗಸೆ. ಬಾಲ್ಯದಲ್ಲಿ ಸಾವಿರ ಸಲ ಹೇಳಿದ ಸಾಲು! ವೈದ್ಯರ ಮಾನದಲ್ಲಿ ಪ್ರಸೃತಿಗೆ ಎರಡು ಪಲ. ಈಗಿನ ಲೆಕ್ಕದಲ್ಲಿ ಪಲಕ್ಕೆ 48 ಗ್ರಾಮಿನಂತೆ 96 ಗ್ರಾಮು. ಎಂಟು ಪ್ರಸೃತಿಯೆಂದರೆ 768, ಮುಕ್ಕಾಲು ಲೀಟರಿಗೆ ಸ್ವಲ್ಪ ಮೇಲೆ. ಅಕ್ಕನ ಒಂದೇ ಚೊಂಬು! ಪ್ರಸಾದನಿಲಯದ ಅಡುಗೆಮನೆಯಲ್ಲಿ ನನ್ನ ಅಂಗೈಯಿಂದಲೇ ಎಂಟು ಸಲ ಅಳೆದು ನೋಡಿದೆ. ಅದು ಒಂದೂವರೆ ಲೋಟವನ್ನೂ ತುಂಬಲಿಲ್ಲ.

ವಾಗ್ಭಟನ ‘ಅಷ್ಟಾಂಗಹೃದಯ’ವನ್ನು ಆಗ ಮೊದಲಿನಿಂದ ಓದಿದೆ. ಶರತ್ತು ಮತ್ತು ಗ್ರೀಷ್ಮಗಳನ್ನು ಬಿಟ್ಟರೆ ಆರೋಗ್ಯವಂತನೂ ನೀರನ್ನು ಅಲ್ಪವಾಗಿಯೇ ಕುಡಿಯಬೇಕೆಂದು ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿದೆ. ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ಪಾಲು ಪಾನೀಯಕ್ಕೆ, ಉಳಿದೊಂದು ವಾಯುವಿನ ಸಂಚಾರಕ್ಕೆ ಎಂದು ಎಂಟನೆಯ ಅಧ್ಯಾಯ ಹೇಳುತ್ತದೆ. ಹೀಗೆಂದು ಪ್ರಾಚೀನರು ಹೇಳಿದುದೆಲ್ಲವೂ ಇಂದಿಗೂ ಸರಿಯೆಂದು ನಾನು ವಾದಿಸುವುದಿಲ್ಲ. ನೀರನ್ನು ತೀರ ಕಡಿಮೆ ಮಾಡಬೇಕಾದವರ ಪಟ್ಟಿಯಲ್ಲಿ ವಾಗ್ಭಟನು ಅತಿಸಾರದ ರೋಗಿಯನ್ನೂ ಸೇರಿಸಿದ್ದಾನೆ. ಅದನ್ನು ಇಂದು ಅನುಸರಿಸಿದರೆ ಮಕ್ಕಳು ಸಾಯುತ್ತಾರೆ. 1971ರಲ್ಲಿ ಬಂಗಾಳದ ಬನ್‌ಗಾಂವ್ ನಿರಾಶ್ರಿತ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನೋಬಿಸ್ ಅವರು ಉಪ್ಪು, ಸೋಡ, ಗ್ಲೂಕೋಸು ಬೆರೆಸಿದ ನೀರನ್ನು ಕುಡಿಸಿಯೇ ಸಾವಿರಾರು ಜನರನ್ನು ಬದುಕಿಸಿದರು. ಅಲ್ಲಿಯೂ ಬರಿಯ ನೀರಲ್ಲ, ಅಳೆದ ಲವಣದ ನೀರು. ಇಂದಿನ ಪೊಟ್ಟಣದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸು, ಜತೆಗೆ ಇನ್ನೆರಡು ಲವಣಗಳಿರುತ್ತವೆ. ಪೊಟ್ಟಣದ ಮೇಲೆ ಬರೆದಿರುವಷ್ಟೇ ನೀರಿಗೆ ಬೆರೆಸಬೇಕು.

ನಮ್ಮ ಸೀಮೆಯ ರೈತರಿಗೆ ಇದೆಲ್ಲ ಬೇರೊಂದು ದಾರಿಯಿಂದ ತಿಳಿದಿತ್ತು. ಬಿಸಿಲಿನಲ್ಲಿ ಬಹಳ ಹೊತ್ತು ಬಾಯಾರಿದ ಕರುವನ್ನು ತೊಟ್ಟಿಗೆ ಬಿಟ್ಟರೆ ಅದು ಮೇಲುಸಿರು ಬಿಡದೆ ಕುಡಿಯುತ್ತದೆ. ಕೆಲವು ಗಂಟೆಗಳಲ್ಲಿ ಅದರ ಮೂತ್ರ ಕೆಂಪಾಗುವುದುಂಟು. ರಕ್ತದ ಕೆಂಪುಕಣಗಳು ಊದಿ ಒಡೆದುದರ ಗುರುತು ಅದು. ಅದಕ್ಕಾಗಿಯೇ ನಮ್ಮ ಹಿರಿಯರು ನಾಲ್ಕು ಗುಟುಕಿಗೊಮ್ಮೆ ಹಗ್ಗ ಹಿಡಿದು ಕರುವನ್ನು ಹಿಂದಕ್ಕೆಳೆಯುತ್ತಿದ್ದರು. ತೆಂಗಿನ ಬುಡದಲ್ಲಿ ನೀರು ನಿಂತರೆ ಬೇರು ಕೆಡುತ್ತದೆಂದು ಪಾತಿಗೆ ಬಸಿಗಾಲುವೆ ತೆಗೆಯುವವರೂ ಅವರೇ. ಮರ ಹತ್ತುವವರಿಗೆ, ಕಾಯಿ ಸುಲಿಯುವವರಿಗೆ ಮನೆಯೊಡತಿ ಕೊಡುತ್ತಿದ್ದುದು ಬರಿಯ ನೀರಲ್ಲ. ಉಪ್ಪು ಹಾಕಿದ ನೀರುಮಜ್ಜಿಗೆ, ಇಲ್ಲವೆ ರಾಗಿ ಅಂಬಲಿ. ಹಾಗೆಂದು ರಕ್ತದೊತ್ತಡವುಳ್ಳವರು ನನ್ನ ಮಾತು ನಂಬಿ ಉಪ್ಪಿನ ಭರಣಿಗೆ ಕೈಹಾಕಬಾರದು. ಒಮ್ಮೆ ನನ್ನ ಮಾತು ನಂಬಿದ್ದರ ಫಲವನ್ನು ಮೇಲೆ ಹೇಳಿದ್ದೇನೆ, ವೈದ್ಯರನ್ನೇ ಕೇಳಬೇಕು.

ಹಸುಗೂಸುಗಳ ವಿಷಯವನ್ನು ಇಲ್ಲಿ ಹೇಳಲೇಬೇಕು. ಬೇಸಿಗೆ ಬಂತೆಂದರೆ ಮಗುವಿನ ಗಂಟಲೊಣಗೀತೆಂದು ಒಳಲೆಯಲ್ಲಿ ನೀರು ಹಾಕುವ ಅಜ್ಜಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಆರು ತಿಂಗಳು ತುಂಬುವವರೆಗೆ ಕೂಸಿಗೆ ನೀರು ಬೇಡ. ತಾಯಿಯ ಹಾಲಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ನೀರೇ. ಎಳೆಯ ಮೂತ್ರಪಿಂಡಕ್ಕೆ ಮಿಕ್ಕ ನೀರನ್ನು ಕಳೆಯುವ ಬಲ ಸಾಲದೆ ಕೂಸಿಗೆ ಸೆಳೆತ ಬರಬಹುದು. ಹಾಲಿನ ಪುಡಿಯನ್ನು ಉಳಿಸಲೆಂದು ನೀರು ಹೆಚ್ಚಿಸಿ ಕಲಸುವುದೂ ಅಷ್ಟೇ ಅಪಾಯಕರ.

ಪಾವಗಡ, ಶಿರಾ, ಮಧುಗಿರಿಗಳ ಕಡೆಯಿಂದ ನಮ್ಮ ಪ್ರಸಾದನಿಲಯಕ್ಕೆ ಬರುವ ಕೆಲವು ಮಕ್ಕಳ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿರುತ್ತವೆ. ಅಲ್ಲಿನ ಆಳದ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡು ಅದಕ್ಕೆ ಕಾರಣ. ಲೀಟರಿಗೆ ಒಂದು ಮಿಲಿಗ್ರಾಂ ಮೀರದಿರುವುದು ಲೇಸು, ಬೇರೆ ನೀರಿಲ್ಲದ ಕಡೆ ಒಂದೂವರೆಯವರೆಗೆ ಸಹ್ಯ ಎಂಬುದು ಭಾರತೀಯ ಮಾನಕ. ಎರಡು ಮಿಲಿಗ್ರಾಂ ಇರುವ ನೀರನ್ನು ಎರಡು ಲೀಟರು ಕುಡಿದವನಿಗೆ ನಾಲ್ಕು ಮಿಲಿಗ್ರಾಂ, ನಾಲ್ಕು ಲೀಟರು ಕುಡಿದವನಿಗೆ ಎಂಟು. ನೀರನ್ನು ಹೆಚ್ಚು ಕುಡಿಯಿರೆನ್ನುವವರು ಯಾವ ನೀರೆಂದು ಮೊದಲು ಕೇಳಬೇಕು.

ಇಷ್ಟನ್ನು ಓದಿ ಯಾರಾದರೂ ನೀರಿಗೇ ಹೆದರಿದರೆ ನಾನು ಎರಡನೆಯ ತಪ್ಪು ಮಾಡಿದಂತಾಗುತ್ತದೆ. ಮೂತ್ರದಲ್ಲಿ ಕಲ್ಲು ಕಟ್ಟುವವರಿಗೆ ದಿನಕ್ಕೆ ಎರಡೂವರೆ ಲೀಟರು ಮೂತ್ರ ಹೋಗುವಷ್ಟು ಕುಡಿಯಲು ವೈದ್ಯರೇ ಹೇಳುತ್ತಾರೆ. ಬಿಸಿಲಿನಲ್ಲಿ ದುಡಿಯುವವರು ಕುಡಿಯಲೇಬೇಕು. ಶಾಲೆಗಳಲ್ಲಿ ನನಗೆ ಹೆಚ್ಚು ಕಳವಳವಾಗುವುದು ಅತಿಯಾಗಿ ಕುಡಿಯುವ ಮಕ್ಕಳ ಬಗೆಗಲ್ಲ. ಶೌಚಾಲಯಕ್ಕೆ ಹೋಗಬೇಕಾದೀತೆಂದು ಬೆಳಗಿನಿಂದ ಸಂಜೆಯವರೆಗೆ ಒಂದು ಗುಟುಕೂ ಕುಡಿಯದ ಹೆಣ್ಣುಮಕ್ಕಳ ಬಗೆಗೆ. ಈ ಪುಟಗಳನ್ನು ಓದುವ ದಾನಿಗಳಲ್ಲಿ ಒಂದು ಬಿನ್ನಹ: ಕೊಠಡಿಯ ಗೋಡೆಯಷ್ಟೇ ಶೌಚಾಲಯದ ಗೋಡೆಯೂ ದಾತೃವಿನ ಹೆಸರನ್ನು ಹೊರಬಲ್ಲುದು. ಬಾಯಾರಿಕೆಯಾದಾಗ ಕುಡಿಯುವುದು, ತಣಿದಾಗ ನಿಲ್ಲಿಸುವುದು, ಇಷ್ಟೇ ಆರೋಗ್ಯವಂತರಿಗೆ ಸಾಕೆಂದು 2015ರಲ್ಲಿ ಕೂಡಿದ ಕ್ರೀಡಾವೈದ್ಯರ ಮಂಡಳಿಯು ಓಟಗಾರರಿಗೂ ಹೇಳಿದೆ. ತೀರ ವಯಸ್ಸಾದವರಲ್ಲಿ ಬಾಯಾರಿಕೆಯ ಅರಿವೇ ಮಂದವಾಗುವುದರಿಂದ ಅವರನ್ನು ಮನೆಯವರು ಗಮನಿಸಿಕೊಳ್ಳಬೇಕು.

ಅಕ್ಕ ಈಗ ಸುಖವಾಗಿದ್ದಾರೆ. ಆ ಚೊಂಬನ್ನು ದೇವರ ಮನೆಗೆ ಇಟ್ಟುಬಿಟ್ಟಿದ್ದಾರೆ. ನಾನು ಹೋದಾಗ ಸಣ್ಣ ಲೋಟದಲ್ಲಿ ನೀರು ತಂದು ಮುಂದಿಟ್ಟು, “ಇದು ಎಷ್ಟು ಪ್ರಸೃತಿ, ಹೇಳಪ್ಪ” ಎಂದು ಕೇಳುವುದುಂಟು. ಪ್ರಸಾದನಿಲಯದ ಗೋಡೆಯ ಬರಹಕ್ಕೆ ಕಳೆದ ಸುಣ್ಣದ ಹೊತ್ತಿನಲ್ಲಿ ಬಿಳಿಯನ್ನು ಬಳಿಸಿದೆ. ಅಕ್ಷರಗಳು ದಪ್ಪವಾಗಿದ್ದುದರಿಂದ ‘ಎಂಟು’ ಎಂಬುದು ಇನ್ನೂ ಮಸುಕಾಗಿ ಕಾಣುತ್ತದೆ. ಇನ್ನೊಂದು ಸಲ ಬಳಿಯಬೇಕು.